ರಂಗಬಾವನ ಕಾಡಿನಲ್ಲಿ ಯಾರ ಹಕ್ಕು?

ದೇವರನ್ನು ‘ಬಾವ’ ಅಂತ ಕರೆಯೋರನ್ನು ನೋಡಿದ್ದೀರಾ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ.
ಇಲ್ಲಿನ ಬುಡಕಟ್ಟು ಜನ ಸೋಲಿಗರಿಗೆ ರಂಗನಾಥ ಬರೀ ದೇವರಲ್ಲ, ರಂಗಬಾವ.
ತಮ್ಮ ಹುಡುಗಿ ಕುಸುಮಾಲೆಯ ಕೈಹಿಡಿದವನು!
ನೆಂಟಸ್ತನ ಅಂದ್ರೆ ಇದು.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು.
ಬೇಟೆ ನಿಂತಿತು. ಕಾಡೊಳಗಿನ ಬೇಸಾಯ ನಿಂತಿತು.
ಮುಂದೆ, ಮಾರಾಟಕ್ಕೆ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆ ಬಿತ್ತು.
ಅಜ್ಜನ ಕಾಲದ ಹಿತ್ತಲಿಗೆ ಕಾಲಿಡಲು
ಪಕ್ಕದ ಮನೆಯವರ ಅಪ್ಪಣೆ ಕೇಳಿದ ಹಾಗೆ.

ಇನ್ನೊಂದೂ ನಿಂತಿತು. ತರಗು ಬೆಂಕಿ.

ಬೇಸಿಗೆ ಬಲಿಯುವ ಮೊದಲೇ
ಸೋಲಿಗರು ಒಣ ಎಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು.
ನೆಲದ ಮೇಲೆ ಓಡಿ, ಆರಿಹೋಗುವ ಬೆಂಕಿ.
ಅದು ನಿಂತ ಮೇಲೆ ಲಂಟಾನ ಎಂಬ ಕಳೆಗಿಡ ಕಾಡನ್ನೇ ನುಂಗಿತು,
ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು ಅನ್ನುತ್ತಾರೆ ಹಿರಿಯರು.
ಸಂಶೋಧಕರೂ ಈ ಮಾತನ್ನು ಹಗುರವಾಗಿ ತೆಗೆದುಕೊಂಡಿಲ್ಲ.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು.
2011ರ ಹೊತ್ತಿಗೆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು.
ಒಕ್ಕಲೆಬ್ಬಿಸುತ್ತಾರೆ ಅನ್ನೋ ಭಯ ಸೋಲಿಗರ ಹಾಡಿಗಳಾದ ಪೋಡು ಪೋಡಿಗೂ ಹಬ್ಬಿತು.

ಆದರೆ ಅದೇ 2011ರಲ್ಲಿ,
ಗ್ರಾಮಸಭೆಗಳ ಕೈಗೆ ಸಮುದಾಯ ಅರಣ್ಯ ಹಕ್ಕುಪತ್ರ ಬಂತು.
ದೇಶದಲ್ಲಿ ಹುಲಿ ಕಾಡಿನೊಳಗೆ
ಇಂಥ ಹಕ್ಕು ಪಡೆದ ಮೊದಲಿಗರು ಸೋಲಿಗರೇ.

ಜೇನು ಇಳಿಸಬಹುದು, ನೆಲ್ಲಿಕಾಯಿ ಕೀಳಬಹುದು, ದನ ಮೇಯಿಸಬಹುದು.
ಭಾರ್ಗವಿ ಹೊಳೆ ದಡದ ದೊಡ್ಡಸಂಪಿಗೆ ಮರಕ್ಕೆ ಪೂಜೆ ಸಲ್ಲಿಸಬಹುದು.

ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ
ಕಾಯ್ದೆ ಗ್ರಾಮಸಭೆಗೇ ಕೊಡುತ್ತದೆ.
ಲಂಟಾನವನ್ನು ಏನು ಮಾಡಬೇಕು ಅನ್ನೋ ಪ್ರಶ್ನೆಯನ್ನು
ಮೊದಲು ಕೇಳಬೇಕಾದ್ದು ಅಲ್ಲೇ ತಾನೆ?