ದಾಳಕ್ಕೆ ಬಂದ ಮೊಣಕೈ ನೋವು

1963ರ ಸೆಪ್ಟೆಂಬರ್ 29. ಅಮೆರಿಕದ ಬೇಸ್‌ಬಾಲ್ ಸೀಸನ್ನಿನ ಕೊನೆಯ ದಿನ. ಹ್ಯೂಸ್ಟನ್ ತಂಡದವರು ಜಾನ್ ಪಚೋರೆಕ್ ಎಂಬ ಹದಿನೆಂಟರ ಹುಡುಗನನ್ನು ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಕಣಕ್ಕಿಳಿಸಿದರು. ಹುಡುಗ ಐದು ಸಲ ಬ್ಯಾಟ್ ಹಿಡಿದು ನಿಂತ. ಮೂರು ಸಲ ಹೊಡೆದು ಬೇಸ್ ಸೇರಿದ, ಎರಡು ಸಲ ವಾಕ್ (ಹೊಡೆಯದೆಯೇ ಬೇಸ್ ಸೇರುವ ಅವಕಾಶ) ಸಿಕ್ಕಿತು, ನಾಲ್ಕು ರನ್ ಗಳಿಸಿದ. ಒಮ್ಮೆಯೂ ಔಟಾಗಲಿಲ್ಲ. ಆದರೆ ಅವನ ಬೆನ್ನು ಆಗಲೇ ಕೈಕೊಟ್ಟಿತ್ತು. ಮರುವರ್ಷ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು. ಮೇಜರ್ ಲೀಗಿನಲ್ಲಿ ಅವನು ಮತ್ತೆಂದೂ ಆಡಲಿಲ್ಲ. ದಾಖಲೆ ಪುಸ್ತಕದಲ್ಲಿ ಅವನ ಬ್ಯಾಟಿಂಗ್ ಸರಾಸರಿ 1.000, ಅಂದರೆ ನೂರಕ್ಕೆ ನೂರು.

ಈಗ ಅಂಕಿಅಂಶ ನೋಡಿ ಆಟ ಕಟ್ಟುವವನ ಪಾಡು ಯೋಚಿಸಿ. ಪ್ರತಿ ಆಟಗಾರನ ಆ ವರ್ಷದ ಸಾಧನೆಯನ್ನು ಕಾರ್ಡಿಗೋ ಕಂಪ್ಯೂಟರಿಗೋ ಇಳಿಸಿ, ಅದೇ ಪ್ರಮಾಣದಲ್ಲಿ ಫಲಿತಾಂಶ ಬರುವಂತೆ ಮಾಡುವುದು ಅವನ ಕಸುಬು. ಪಚೋರೆಕ್‌ನ ಕಾರ್ಡನ್ನು ಪ್ರಾಮಾಣಿಕವಾಗಿ ಬರೆದರೆ ಅವನನ್ನು ಔಟ್ ಮಾಡಲು ಯಾರಿಂದಲೂ ಆಗದು. ಆಡುವವನಿಗೆ ಇಷ್ಟು ಹೊಳೆದರೆ ಸಾಕು, 162 ಪಂದ್ಯಕ್ಕೂ ಅವನನ್ನೇ ಇಳಿಸುತ್ತಾನೆ. ಪಚೋರೆಕ್ ತೀರಾ ಕೊನೆಯ ಉದಾಹರಣೆ ನಿಜ. ಆದರೆ ಇಪ್ಪತ್ತು ಸಲ ಬ್ಯಾಟ್ ಹಿಡಿದು ಎಂಟು ಸಲ ಹೊಡೆದ ಬದಲಿ ಆಟಗಾರರು ಅಲ್ಲಲ್ಲಿ ಇರುತ್ತಾರೆ. ಅವರೆಲ್ಲ ಕಾರ್ಡಿನ ಮೇಲೆ ಮಹಾಶೂರರು.

ಬೇಸ್‌ಬಾಲ್ ಆಟಗಳೊಳಗೆ ದಣಿವೂ ಗಾಯವೂ ಬಂದದ್ದು ಮುಖ್ಯವಾಗಿ ಈ ತೂತನ್ನು ಮುಚ್ಚಲು. ಆಟಗಾರನ ನೋವಿಗೆ ಮರುಗಿ ಯಾರೂ ಅದನ್ನು ತರಲಿಲ್ಲ. ಲೆಕ್ಕ ತಾಳೆಯಾಗಲಿ ಎಂದು ತಂದರು. ಈ ಕತೆಯಲ್ಲಿ ನನಗೆ ಹಿಡಿಸಿದ್ದೂ ಇದೇ: ಮೈಯ ಸತ್ಯವೊಂದು ಖಾತೆ ಪುಸ್ತಕದ ಬಾಗಿಲಿನಿಂದ ಒಳಗೆ ಬಂದದ್ದು.

1941ರಲ್ಲಿ ಈಥನ್ ಆಲನ್ ಎಂಬ ಮಾಜಿ ಆಟಗಾರ ‘ಆಲ್‌ಸ್ಟಾರ್ ಬೇಸ್‌ಬಾಲ್’ ಎಂಬ ಆಟ ತಂದ. ಪ್ರತಿ ಬ್ಯಾಟರ್‌ಗೆ ಒಂದು ದುಂಡನೆಯ ಬಿಲ್ಲೆ. ಅದನ್ನು ನಡುವೆ ಕೂರಿಸಿ ಮುಳ್ಳು ತಿರುಗಿಸಬೇಕು, ನಿಂತ ಮನೆಯಲ್ಲಿ ಬರೆದದ್ದೇ ಫಲಿತಾಂಶ. ಅದರಲ್ಲಿ ಪಿಚರ್‌ಗೆ ಬೆಲೆಯೇ ಇರಲಿಲ್ಲ. ಚೆಂಡು ಎಸೆಯುವವನು ಯಾರಾದರೂ ಒಂದೇ. ಎಸೆಯುವವನೇ ಲೆಕ್ಕಕ್ಕಿಲ್ಲದ ಮೇಲೆ ಅವನ ದಣಿವಿನ ಮಾತೆಲ್ಲಿ? ನಮ್ಮ ಶಾಲೆಗಳ ಕೊನೇ ಬೆಂಚಿನಲ್ಲಿ ಆಡುತ್ತಿದ್ದ ಬುಕ್ ಕ್ರಿಕೆಟ್ಟಿನ ಹಾಗೆ: ಪುಟ ತೆರೆದರೆ ಸಿಕ್ಸು, ಇನ್ನೊಂದು ಪುಟ ತೆರೆದರೆ ಔಟು, ಕಪಿಲ್ ದೇವ್ ಬೆಳಗಿನಿಂದ ಸಂಜೆಯವರೆಗೆ ಬೌಲ್ ಮಾಡಿದರೂ ಬೆವರುವುದಿಲ್ಲ.

ಇದು ಸರಿಹೋಗದ ಒಬ್ಬ ಹುಡುಗ ನ್ಯೂಯಾರ್ಕ್ ಬಳಿಯ ಗ್ರೇಟ್ ನೆಕ್ ಎಂಬ ಊರಿನಲ್ಲಿದ್ದ. ಹೆಸರು ಹಾಲ್ ರಿಚ್‌ಮನ್. 1948ರಲ್ಲಿ, ಹನ್ನೊಂದನೇ ವಯಸ್ಸಿಗೆ, ದಾಳ ಉರುಳಿಸಿ ಫಲಿತಾಂಶ ಬರೆದುಕೊಳ್ಳುತ್ತ ಕೂತು ತನ್ನದೇ ಆಟ ಕಟ್ಟತೊಡಗಿದ. ಮುಂದೆ ಬಕ್‌ನೆಲ್ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಓದಿದ. 1961ರಲ್ಲಿ ಆ ಆಟ ‘ಸ್ಟ್ರಾಟ್-ಒ-ಮ್ಯಾಟಿಕ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲು ನಷ್ಟ. ಅಪ್ಪನಿಂದ ಸಾಲ ಪಡೆದ, ಮುಳುಗಿದರೆ ಅಪ್ಪನ ವಿಮಾ ವ್ಯವಹಾರಕ್ಕೆ ಸೇರಿಕೊಳ್ಳುತ್ತೇನೆ ಎಂಬ ಕರಾರಿನ ಮೇಲೆ. ಮುಳುಗಲಿಲ್ಲ.

ಆ ಆಟದ ಮೂಲ ಉಪಾಯ ನೋಡಿ. ಮೂರು ದಾಳ. ಒಂದು ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, 4, 5, 6 ಬಿದ್ದರೆ ಪಿಚರ್‌ನ ಕಾರ್ಡು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನ ಯಾವ ಸಾಲು ಎಂದು ಹೇಳುತ್ತದೆ. ಅಂದರೆ ಅರ್ಧ ಹಣೆಬರಹ ಹೊಡೆಯುವವನ ಕೈಯಲ್ಲಿ, ಅರ್ಧ ಎಸೆಯುವವನ ಕೈಯಲ್ಲಿ. ಎಸೆಯುವವನಿಗೆ ಹೀಗೆ ಕಾರ್ಡು ಸಿಕ್ಕಿದ್ದೇ ತಡ, ಅವನ ತೋಳಿನ ಪ್ರಶ್ನೆಯೂ ಎದ್ದಿತು. ಒಳ್ಳೆಯ ಪಿಚರ್ ಒಬ್ಬನಿದ್ದರೆ ದಿನವೂ ಅವನನ್ನೇ ಇಳಿಸಬಹುದಲ್ಲ?

ಅದಕ್ಕೆ ಕಾರ್ಡಿನಲ್ಲೇ ಉತ್ತರ ಬಂತು. ಪಿಚರ್‌ನ ಹೆಸರಿನ ಜೊತೆ ಆವರಣದೊಳಗೆ ಒಂದು ಅಂಕಿ, 6 ಎಂದೋ 7 ಎಂದೋ. ಅಷ್ಟನೆಯ ಇನಿಂಗ್‌ನಿಂದ ಮುಂದೆ ಅವನು ಸೋಲಬಹುದು. ಹೊಡೆತಗಳ ಮೇಲೆ ಹೊಡೆತ ತಿಂದರೆ ‘ದಣಿದವನು’ ಎಂದು ಘೋಷಣೆ. ಆಮೇಲೆ ಅವನ ಕಾರ್ಡಿನಲ್ಲಿ ಪಕ್ಕಕ್ಕೆ ಸಣ್ಣ ಚುಕ್ಕೆ ಇಟ್ಟ ಸಾಲುಗಳೆಲ್ಲ ತಿರುಗಿಬೀಳುತ್ತವೆ. ಈವರೆಗೆ ಔಟ್ ಎಂದು ಓದುತ್ತಿದ್ದದ್ದನ್ನು ಈಗ ಸಿಂಗಲ್ ಎಂದು ಓದಬೇಕು. ಕಾರ್ಡು ಅದೇ, ದಾಳ ಅದೇ, ಚುಕ್ಕೆಗಳು ಮಾತ್ರ ಎದುರಾಳಿಯ ಪಾಲಾದವು. ದಣಿವನ್ನು ಇಷ್ಟು ಅಗ್ಗವಾಗಿ, ಇಷ್ಟು ಚೊಕ್ಕವಾಗಿ ಕಾಗದಕ್ಕೆ ಇಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬ್ಯಾಟರ್‌ಗಳ ಕಾರ್ಡಿನಲ್ಲಿ ಮತ್ತೊಂದು ಕುತಂತ್ರ. ಎಲ್ಲೋ ಒಂದು ಸಾಲಿನ ಕೊನೆಗೆ ‘ಜೊತೆಗೆ ಗಾಯ’ ಎಂದಿರುತ್ತದೆ. ದಾಳ ಆ ಸಾಲಿಗೆ ಬಿದ್ದರೆ ಆಟಗಾರ ಹೊರಗೆ. ಎಷ್ಟು ಪಂದ್ಯ ಹೊರಗೆ ಎಂಬುದನ್ನು ಇನ್ನೊಂದು ಅದೃಷ್ಟಪರೀಕ್ಷೆ ಹೇಳುತ್ತದೆ. ಸ್ವಾರಸ್ಯ ಇರುವುದು ಮುಂದಿನ ನಿಯಮದಲ್ಲಿ. ನಿಜವಾದ ಸೀಸನ್ನಿನಲ್ಲಿ ಹೆಚ್ಚು ಆಡಿದವನಿಗೆ ಗಾಯದ ಗರಿಷ್ಠ ಅವಧಿ ತೀರಾ ಕಡಿಮೆ. ಕಡಿಮೆ ಆಡಿದವನು ದೀರ್ಘಕಾಲ ಮಲಗಬಹುದು. ಅಂದರೆ ಗಾಯವನ್ನು ಮೂಳೆ ಮಾಂಸದಿಂದ ಅಳೆದಿಲ್ಲ, ಹಾಜರಾತಿ ಪುಸ್ತಕದಿಂದ ಅಳೆದಿದ್ದಾರೆ. ಅಕೌಂಟಿಂಗ್ ಓದಿದವನ ಕೈಚಳಕ.

ಇನ್ನೊಂದು ಕಡೆ, ನಿಜವಾದ ಮೈದಾನದಲ್ಲಿ ಆಗ ಯಾರೂ ಏನನ್ನೂ ಎಣಿಸುತ್ತಿರಲಿಲ್ಲ ಎಂದರೆ ಹೆಚ್ಚು ತಪ್ಪಾಗದು. 1920ರ ಮೇ 1ರಂದು ಬಾಸ್ಟನ್‌ನಲ್ಲಿ ಬ್ರೂಕ್ಲಿನ್‌ನ ಲಿಯಾನ್ ಕಡೋರ್, ಬಾಸ್ಟನ್‌ನ ಜೋ ಎಶ್ಗರ್ ಇಬ್ಬರೂ 26 ಇನಿಂಗ್ ಒಬ್ಬೊಬ್ಬರೇ ಎಸೆದರು. ಮಾಮೂಲಿ ಪಂದ್ಯ 9 ಇನಿಂಗಿನದು. ಕತ್ತಲಾಗಿ ಆಟ 1-1ಕ್ಕೆ ನಿಂತಿತು. ಹಳಬರು ಇದನ್ನು ಹೇಳಿ ಈಗಿನವರನ್ನು ಮೂದಲಿಸುವುದುಂಟು. ಆದರೆ ಆ ಕಾಲದ ಪಿಚರ್ ಪ್ರತಿ ಚೆಂಡಿಗೂ ಪ್ರಾಣ ಬಿಡುತ್ತಿರಲಿಲ್ಲ. ಕ್ರಿಸ್ಟಿ ಮ್ಯಾಥ್ಯೂಸನ್ 1912ರಲ್ಲಿ ತನ್ನ ಹೆಸರಿನಲ್ಲಿ ತಂದ ಪುಸ್ತಕದ ಶೀರ್ಷಿಕೆಯೇ ಇಕ್ಕಟ್ಟಿನ ಹೊತ್ತಿನ ಎಸೆತದ ಬಗ್ಗೆ ಇದೆ. ಉಳಿದ ಹೊತ್ತು ತೋಳನ್ನು ಕಾಯ್ದುಕೊಂಡು, ಬೇಸ್‌ಗಳಲ್ಲಿ ಎದುರಾಳಿ ತುಂಬಿಕೊಂಡಾಗ ಮಾತ್ರ ಪೂರ್ತಿ ಬಲ ಹಾಕುವುದು ಅವರ ಪದ್ಧತಿ.

1974ರ ಜುಲೈ 17ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಎಡಗೈ ಪಿಚರ್ ಟಾಮಿ ಜಾನ್ ಒಂದು ಚೆಂಡು ಎಸೆಯುವಾಗ ಮೊಣಕೈಯ ಲಿಗಮೆಂಟ್ ಹರಿದುಕೊಂಡ. ಆಗ ಅವನು ಆ ವರ್ಷ 13 ಪಂದ್ಯ ಗೆದ್ದು 3 ಸೋತಿದ್ದ. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೆಣೆದರು. ನೂರರಲ್ಲಿ ಒಂದು ಅವಕಾಶ ಎಂದು ಅವರೇ ಹೇಳಿದ್ದರು. 1975 ಪೂರ್ತಿ ಹೋಯಿತು. 1976ರಲ್ಲಿ ಜಾನ್ ಮರಳಿದ, 1989ರವರೆಗೆ ಆಡಿದ, ಆ ಶಸ್ತ್ರಚಿಕಿತ್ಸೆಯ ನಂತರವೇ 164 ಪಂದ್ಯ ಗೆದ್ದ. ಇವತ್ತು ಆ ಚಿಕಿತ್ಸೆಗೆ ವೈದ್ಯನ ಹೆಸರಿಲ್ಲ, ರೋಗಿಯ ಹೆಸರಿದೆ.

1974ರ ಕಾರ್ಡುಗಳನ್ನು ಹರಡಿಕೊಂಡು ಆ ಸೀಸನ್ನನ್ನು ಮರಳಿ ಆಡುವವರಿಗೆ ಟಾಮಿ ಜಾನ್ ಒಂದು ಪೀಕಲಾಟ. ಕಾರ್ಡಿನಲ್ಲಿ ಅವನ ಮೊಣಕೈಗೆ ಏನೂ ಆಗಿಲ್ಲ. ಬೇಕಾದರೆ ಅಕ್ಟೋಬರಿನ ವರ್ಲ್ಡ್ ಸೀರೀಸ್‌ನಲ್ಲಿ ಓಕ್ಲೆಂಡ್ ವಿರುದ್ಧ ಅವನನ್ನು ಇಳಿಸಬಹುದು. ನಿಜದಲ್ಲಿ ಆ ಸರಣಿಯನ್ನು ಡಾಡ್ಜರ್ಸ್ 4-1ರಲ್ಲಿ ಸೋತರು. ಅವನು ಎಸೆದದ್ದು ಇಷ್ಟೇ ಇನಿಂಗ್, ಅಷ್ಟಕ್ಕೇ ನಿಲ್ಲಿಸಬೇಕು ಎಂದು ಆಡುವವರೇ ತಮ್ಮ ಮೇಲೆ ಕಟ್ಟುಪಾಡು ಹಾಕಿಕೊಳ್ಳುತ್ತಾರೆ. ದಾಳದಾಟದವರ ಶಿಸ್ತು ಅಂಥದ್ದು.

ಕಂಪ್ಯೂಟರ್ ಬಂದ ಮೇಲೆ ಈ ಲೆಕ್ಕ ಯಂತ್ರದ ಪಾಲಾಯಿತು. 1971ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ವಿದ್ಯಾರ್ಥಿ ಡಾನ್ ಡಾಗ್ಲೋ ಪಿಡಿಪಿ-10 ಯಂತ್ರದ ಮೇಲೆ ಬೇಸ್‌ಬಾಲ್ ಆಟ ಬರೆದ; ಆಟವೆಲ್ಲ ಕಾಗದದ ಮೇಲೆ ಅಕ್ಷರವಾಗಿ ಮುದ್ರಣವಾಗುತ್ತಿತ್ತು. 1987ರಲ್ಲಿ ಅವನೂ ಎಡ್ಡಿ ಡೊಂಬ್ರೋವರ್ ಎಂಬಾತನೂ ಸೇರಿ ಬಾಲ್ಟಿಮೋರ್‌ನ ಮ್ಯಾನೇಜರ್ ಅರ್ಲ್ ವೀವರ್‌ನ ತಲೆಯೊಳಗಿನ ತಂತ್ರಗಳನ್ನು ಕೇಳಿ ಕೇಳಿ ಅವನ ಹೆಸರಿನಲ್ಲೇ ಆಟ ತಂದರು. ಅಷ್ಟರೊಳಗೆ ಜಪಾನಿನಲ್ಲಿ, 1986ರ ಡಿಸೆಂಬರಿನಲ್ಲಿ, ನ್ಯಾಮ್ಕೊ ಕಂಪನಿಯ ‘ಫ್ಯಾಮಿಲಿ ಸ್ಟೇಡಿಯಂ’ ಬಂದಿತ್ತು. ಗುಂಡುಗುಂಡಗಿನ ಗೊಂಬೆ ಆಟಗಾರರು. ಆದರೆ ಪಿಚರ್‌ನನ್ನು ಬದಲಿಸದೆ ಇಟ್ಟುಕೊಂಡರೆ ಅವನ ಚೆಂಡು ಮೆಲ್ಲಗಾಗುತ್ತಿತ್ತು, ತಿರುವು ಸತ್ತುಹೋಗುತ್ತಿತ್ತು. ಚುಕ್ಕೆ ಹೋಗಿ ದಣಿವು ಕಣ್ಣಿಗೆ ಕಂಡದ್ದು ಇಲ್ಲಿ. ಹತ್ತು ವರ್ಷದ ಹುಡುಗನಿಗೂ ಗೊತ್ತಾಗುತ್ತಿತ್ತು, ಇವನ ಕೈ ಸೋತಿದೆ ಎಂದು.

ನಿಜವಾದ ಕೈ ಯಾವಾಗ ಸೋಲುತ್ತದೆ ಎಂಬುದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ. ಕ್ರಿಕೆಟ್ಟಿನ ಏಕದಿನ ಪಂದ್ಯದಲ್ಲಿ ಒಬ್ಬ ಬೌಲರ್‌ಗೆ ಹತ್ತು ಓವರ್, 60 ಚೆಂಡು ಎಂಬ ಬೇಲಿ ಇದೆ. ಬೇಸ್‌ಬಾಲಿನಲ್ಲಿ ಅಂಥ ನಿಯಮವಿಲ್ಲ, ಮ್ಯಾನೇಜರ್ ತೆಗೆಯುವವರೆಗೆ ಪಿಚರ್ ಎಸೆಯುತ್ತಲೇ ಇರಬಹುದು. ಕ್ರೇಗ್ ರೈಟ್ ಎಂಬ ಅಂಕಿಅಂಶ ಪಂಡಿತ 1989ರಲ್ಲಿ, ಟಾಮ್ ಹೌಸ್ ಎಂಬ ಮಾಜಿ ಪಿಚರ್ ಜೊತೆ ಮಾಡಿದ ಪುಸ್ತಕದಲ್ಲಿ, ಎಳೆ ವಯಸ್ಸಿನಲ್ಲಿ ಅತಿಯಾಗಿ ದುಡಿಸಿದ ತೋಳುಗಳು ಬೇಗ ಕೆಡುತ್ತವೆ ಎಂದು ವಾದಿಸಿದ. ಎಸೆದ ಚೆಂಡುಗಳ ಎಣಿಕೆ ಸಿಗದ ಹಳೆಯ ವರ್ಷಗಳಿಗೆ, ಒಂದೊಂದು ಪಂದ್ಯದಲ್ಲಿ ಎಷ್ಟು ಬ್ಯಾಟರ್‌ಗಳನ್ನು ಎದುರಿಸಿದ ಎಂಬುದನ್ನೇ ಅವನು ಅಳತೆಗೋಲು ಮಾಡಿಕೊಂಡ. ಪ್ರತಿ ಚೆಂಡಿನ ಲೆಕ್ಕ ವ್ಯವಸ್ಥಿತವಾಗಿ ಸಿಗತೊಡಗಿದ್ದು 1988ರ ಆಸುಪಾಸಿನಿಂದ.

ಆಮೇಲೆ ಬಂತು 1998. ಮೇ 6ರಂದು ಶಿಕಾಗೊ ಕಬ್ಸ್ ತಂಡದ ಕೆರಿ ವುಡ್, ಇಪ್ಪತ್ತು ವರ್ಷದವನು, ಹ್ಯೂಸ್ಟನ್ ತಂಡದ ಬ್ಯಾಟರ್‌ಗಳನ್ನು ಒಟ್ಟು 20 ಸಲ ಸ್ಟ್ರೈಕ್‌ಔಟ್ ಮಾಡಿದ. ಎಸೆದದ್ದು 122 ಚೆಂಡು. ಊರೆಲ್ಲ ಕುಣಿಯಿತು. ಮರುವರ್ಷ ಸೀಸನ್ ಶುರುವಾಗುವ ಮೊದಲೇ ಅವನ ಮೊಣಕೈ ಲಿಗಮೆಂಟ್ ಹರಿದು, ಟಾಮಿ ಜಾನ್‌ಗೆ ಆದ ಚಿಕಿತ್ಸೆಯೇ ಆಗಿ, 1999 ಇಡೀ ಮನೆಯಲ್ಲಿ ಕೂತ. ಆ ಒಂದೇ ಪಂದ್ಯದ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಆದರೆ ಅದೇ 1998ರ ಬೇಸಿಗೆಯಲ್ಲಿ, ಮುಂದೆ ಚರ್ಮವೈದ್ಯನಾದ ರೇನಿ ಜಜೇಯರ್ಲಿ ಎಂಬ ಬೇಸ್‌ಬಾಲ್ ಹುಚ್ಚ ‘ಪಿಚರ್ ದುರ್ಬಳಕೆ ಅಂಕ’ ಎಂಬ ಲೆಕ್ಕ ಮುಂದಿಟ್ಟ. ಅವನ ವಿಚಾರ ಸರಳ: ಎಲ್ಲ ಚೆಂಡೂ ಒಂದೇ ಬೆಲೆಯದಲ್ಲ. ಮೊದಲ ನೂರರ ಒಳಗಿನದು ಬಿಟ್ಟಿ. ಆಮೇಲಿನ ಒಂದೊಂದಕ್ಕೂ ದಂಡ, ಮುಂದೆ ಹೋದಷ್ಟೂ ಏರುವ ದಂಡ.

2001ರಲ್ಲಿ ಕೀತ್ ವೂಲ್ನರ್ ಜೊತೆ ಸೇರಿ ಅವನು ದಂಡದ ಏರಿಕೆಯನ್ನು ತಿದ್ದಿದ. ನೂರಕ್ಕೆ ಮೇಲ್ಪಟ್ಟ ಚೆಂಡುಗಳ ಸಂಖ್ಯೆಯನ್ನು ಘನ ಮಾಡಬೇಕು, ಅಂದರೆ ಅದರಿಂದಲೇ ಮತ್ತೆರಡು ಸಲ ಗುಣಿಸಬೇಕು. 110 ಎಸೆದರೆ 1,000 ಅಂಕ. 120 ಎಸೆದರೆ 8,000. 130ಕ್ಕೆ 27,000. ಕೆರಿ ವುಡ್‌ನ ಆ ದಿನಕ್ಕೆ 10,648. ಈ ಸೂತ್ರ ಆಕಾಶದಿಂದ ಇಳಿದದ್ದಲ್ಲ. ಬಹಳ ಎಸೆದ ದಿನದ ನಂತರದ ಕೆಲವು ವಾರಗಳಲ್ಲಿ ಪಿಚರ್‌ಗಳು ಎಷ್ಟು ಕಳಪೆಯಾದರು ಎಂದು ತಾಳೆ ನೋಡಿ ಹೊಂದಿಸಿದ್ದು. ಅಪವಾದಗಳು ಬೇಕಾದಷ್ಟಿದ್ದವು, ಟೀಕೆಯೂ ಬಂತು. ಆದರೂ ಸಂಜೆಯ ಕೊನೆಯ ಹತ್ತು ಚೆಂಡು ಬೆಳಗಿನ ಹತ್ತು ಚೆಂಡಿನಂತಲ್ಲ ಎಂಬುದಕ್ಕೆ ಒಂದು ಆಕಾರ ಬಂತು.

ಈ ಲೆಕ್ಕದ ಕಾಲದಲ್ಲೇ, ಬೇಸ್‌ಬಾಲ್ ಗಂಧವೇ ಕಡಿಮೆಯಿರುವ ಜರ್ಮನಿಯಲ್ಲಿ ಮಾರ್ಕುಸ್ ಹೈನ್‌ಜೋನ್ ಎಂಬಾತ ‘ಔಟ್ ಆಫ್ ದ ಪಾರ್ಕ್’ ಬರೆದ. ಮೊದಲ ಆವೃತ್ತಿ 1999ರದು. ಇದರಲ್ಲಿ ಆಡುವವನು ಚೆಂಡು ಹೊಡೆಯುವುದಿಲ್ಲ, ತಂಡ ನಡೆಸುತ್ತಾನೆ. ಗಾಯ ಇಲ್ಲಿ ಹಾಜರಾತಿಯ ಸಾಲಾಗಿ ಉಳಿಯಲಿಲ್ಲ, ಆಟಗಾರನ ಸ್ವಭಾವವೇ ಆಯಿತು. ಮುಂದಿನ ಆವೃತ್ತಿಗಳಲ್ಲಿ ಒಬ್ಬ ‘ಉಕ್ಕಿನ ಮನುಷ್ಯ’, ಒಬ್ಬ ಗಟ್ಟಿಗ, ಒಬ್ಬ ಸಾಧಾರಣ, ಒಬ್ಬ ಗಾಜಿನಂಥವನು, ಇನ್ನೊಬ್ಬ ಪೂರ್ತಿ ಜಖಂ. ಪಿಚರ್ ಮೊಣಕೈ ಹರಿದುಕೊಂಡರೆ ಒಂದು ವರ್ಷಕ್ಕೂ ಮಿಕ್ಕಿ ಇಲ್ಲ ಎಂಬ ಸುದ್ದಿ ತೆರೆಯ ಮೇಲೆ ಬರುತ್ತದೆ, ಮರಳಿದ ಮೇಲೆ ಅವನ ಎಸೆತ ಮೊದಲಿನಷ್ಟಿರಲಿಕ್ಕಿಲ್ಲ. ತಂಡ ಕಟ್ಟಿದವನ ಹೊಟ್ಟೆಯಲ್ಲಿ ನಿಜಕ್ಕೂ ಏನೋ ಕಿವುಚಿದಂತಾಗುತ್ತದೆ.

ಹಾಗಾಗಿಯೇ ಈ ಆಟಗಳಲ್ಲಿ ಗಾಯ ಎಷ್ಟು ಸಲ ಆಗಬೇಕು ಎಂದು ಹೆಚ್ಚುಕಡಿಮೆ ಮಾಡುವ, ಬೇಡವಾದರೆ ನಿಲ್ಲಿಸಿಯೇಬಿಡುವ ಏರ್ಪಾಡೂ ಇರುತ್ತದೆ. ಸೋನಿಯ ‘ಎಂಎಲ್‌ಬಿ ದ ಶೋ’ನಲ್ಲೂ ಅಷ್ಟೇ. ನಿಲ್ಲಿಸುವವರನ್ನು ನಾನು ಆಡಿಕೊಳ್ಳುವುದಿಲ್ಲ, ಆಡಲು ಕೂತವನಿಗೆ ಆಸ್ಪತ್ರೆ ಏಕೆ ಬೇಕು? ಆದರೆ ಒಂದಂತೂ ನಿಜ. ಗಾಯ ನಿಲ್ಲಿಸಿದ ಕೂಡಲೇ ಬೆಂಚಿನ ಮೇಲೆ ಕೂತ ಎರಡನೇ ದರ್ಜೆಯ ಆಟಗಾರನಿಗೆ ಕೆಲಸ ಹೋಗುತ್ತದೆ. ಒಂಬತ್ತು ಮಂದಿ ನಕ್ಷತ್ರಗಳು ವರ್ಷವಿಡೀ ಆಡುತ್ತಾರೆ, ತಂಡ ನಡೆಸುವ ಆಟದಲ್ಲಿ ನಡೆಸಲು ಏನೂ ಉಳಿಯುವುದಿಲ್ಲ.

ಇಷ್ಟಾದರೂ ಪೂರ್ತಿ ಉತ್ತರ ಸಿಕ್ಕಿಲ್ಲ. ತಂಡಗಳು ನೂರರ ಆಸುಪಾಸಿಗೆ ಪಿಚರ್‌ನನ್ನು ಎಬ್ಬಿಸಿ ಕರೆದೊಯ್ಯುವುದು ವಾಡಿಕೆಯಾಗಿ ವರ್ಷಗಳೇ ಆದವು. ಮೊಣಕೈಗಳು ಹರಿಯುವುದು ನಿಲ್ಲಲಿಲ್ಲ, ಹೆಚ್ಚಿತು. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಸಂಸ್ಥೆಯೇ ಹೊರತಂದ ವರದಿ ಬೆರಳು ತೋರಿಸಿದ್ದು ವೇಗದ ಕಡೆಗೆ: ಇನ್ನೂ ಜೋರು, ಇನ್ನೂ ತಿರುವು, ಪ್ರತಿ ಚೆಂಡಿಗೂ ಮೈಯಲ್ಲಿರುವ ಬಲವೆಲ್ಲ. ಮ್ಯಾಥ್ಯೂಸನ್ ಕಾಲದವರು ಕಾಯ್ದಿಡುತ್ತಿದ್ದದ್ದನ್ನು ಈಗಿನವರು ಮೊದಲ ಚೆಂಡಿನಿಂದಲೇ ಸುರಿಯುತ್ತಾರೆ. ಚೆಂಡು ಎಣಿಸುವ ಲೆಕ್ಕಕ್ಕೆ ಇದು ಕಾಣುವುದಿಲ್ಲ. ಹಗುರ ಕೈಯಿಂದ ಎಸೆದ ಅರವತ್ತು, ಹಲ್ಲು ಕಚ್ಚಿ ಎಸೆದ ಅರವತ್ತು ಎರಡೂ ಅದಕ್ಕೆ ಅರವತ್ತೇ. ಆಟ ಕಟ್ಟುವವರು ಮುಂದೆ ಬೆಲೆ ಕಟ್ಟಬೇಕಾದದ್ದು ಆ ವ್ಯತ್ಯಾಸಕ್ಕೆ, ಅದೂ ಎದುರಾಳಿ ಬೇಸ್ ತುಂಬಿಕೊಂಡು ನಿಂತಿರುವಾಗ ಆಡುವವನು ಪೂರ್ತಿ ಬಲದ ಗುಂಡಿಯನ್ನೇ ಒತ್ತುತ್ತಾನೆ ಎಂದು ಗೊತ್ತಿದ್ದೂ.