ಬೆರಳು ಜುಮ್ಮೆನ್ನುತ್ತಿದೆಯಾ? ಮೊದಲು ಮೇಜಿನ ಎತ್ತರ ನೋಡಿ

ಪಿಜಿ ಕೋಣೆಯ ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡೋರಿಗೆ ಇದು ಗೊತ್ತಿರುತ್ತೆ: ಸಂಜೆ ಹೊತ್ತಿಗೆ ಹೆಗಲು ಹಿಡಿದುಕೊಳ್ಳುತ್ತೆ, ತೋಳಿನ ಒಳಮಗ್ಗುಲು ಸೆಳೆಯುತ್ತೆ, ಉಂಗುರ ಬೆರಳು, ಕಿರುಬೆರಳು ಜುಮ್ ಅನ್ನುತ್ತವೆ. ಕೈ ಕೊಡವಿಕೊಂಡು ಮತ್ತೆ ಕೀಬೋರ್ಡ್‌ಗೆ ವಾಪಸ್.

ತೊಂದರೆಯ ಮೂಲ ಬೆರಳಲ್ಲೇ ಇರಬೇಕಿಲ್ಲ. ಕತ್ತಿನಿಂದ ಹೊರಟ ಐದು ನರಬೇರುಗಳು ಹೆಣೆದುಕೊಂಡು ಕೈಗೆ ಇಳಿಯುತ್ತವೆ. ದಾರಿಯಲ್ಲಿ ಮೂರು ಇಕ್ಕಟ್ಟುಗಳಿವೆ: ಕತ್ತಿನ ಪಕ್ಕದ ಸ್ಕೇಲೀನ್ ಸ್ನಾಯುಗಳ ಸಂದು, ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಜಾಗ, ಎದೆಯ ಮೇಲ್ಭಾಗದ ಪುಟ್ಟ ಸ್ನಾಯುವಿನ ಅಡಿ. ತಲೆ ಮುಂದಕ್ಕೆ ಚಾಚಿ, ಹೆಗಲು ಮುಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಕೂತರೆ ಈ ಜಾಗಗಳು ಇನ್ನಷ್ಟು ಕಿರಿದಾಗುತ್ತವೆ. ಅಲ್ಲಿ ನರ ಒತ್ತಿಹೋದರೆ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಅಂತಾರೆ. ಆದರೆ ಮೊಣಕೈಯಲ್ಲಿ ನರ ಒತ್ತಿದರೂ, ಕತ್ತಿನ ಡಿಸ್ಕ್ ಜಾರಿದರೂ ಇದೇ ಬೆರಳುಗಳು ಮರಗಟ್ಟಬಹುದು. ಹಾಗಾಗಿ ಗೂಗಲ್ ನೋಡಿ ನೀವೇ ಕಾಯಿಲೆಗೆ ಹೆಸರಿಟ್ಟುಕೊಳ್ಳಬೇಡಿ. ಹಿಡಿತ ಸಡಿಲವಾದರೆ, ಹೆಬ್ಬೆರಳ ಬುಡದ ಮಾಂಸ ಕರಗಿದರೆ ವೈದ್ಯರನ್ನು ನೋಡಿ. ಕೈ ಊದಿ ನೀಲಿಯಾದರಂತೂ ಅವತ್ತೇ ಹೋಗಿ, ರಕ್ತನಾಳಕ್ಕೆ ಪೆಟ್ಟಾಗಿರಬಹುದು.

ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಲ್ಯಾಪ್‌ಟಾಪ್ ದೇಹದ ಲೆಕ್ಕದಲ್ಲಿ ಕೆಟ್ಟ ವಿನ್ಯಾಸ. ಪರದೆಯನ್ನು ಕಣ್ಣಿನ ಎತ್ತರಕ್ಕೆ ತಂದರೆ ಕೀಬೋರ್ಡೂ ಮೇಲೇರಿ ಹೆಗಲು ಎತ್ತಬೇಕು, ಕೀಬೋರ್ಡನ್ನು ಮೊಣಕೈ ಮಟ್ಟಕ್ಕೆ ಇಳಿಸಿದರೆ ಕತ್ತು ಬಾಗಬೇಕು. ಎರಡನ್ನೂ ಬೇರೆ ಮಾಡೋದೇ ದಾರಿ. ನಾಲ್ಕು ದಪ್ಪ ಪುಸ್ತಕದ ಮೇಲೆ ಲ್ಯಾಪ್‌ಟಾಪ್, ಕೆಳಗೆ ಪ್ರತ್ಯೇಕ ಕೀಬೋರ್ಡ್, ಅದಕ್ಕೆ ಅಂಟಿದಂತೆ ಮೌಸ್. ಮೌಸ್ ದೂರ ಇದ್ದರೆ ತೋಳು ಇಡೀ ದಿನ ಗಾಳಿಯಲ್ಲೇ ಇರುತ್ತೆ. ಆಫೀಸ್ ಮೇಜುಗಳು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ, ಕುಳ್ಳಗಿರುವವರಿಗೆ, ಅಂದ್ರೆ ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳಿಗೆ, ಅದು ಜಾಸ್ತಿನೇ. ಕುರ್ಚಿ ಎತ್ತರಿಸಿ, ಕಾಲಡಿಗೆ ಏನಾದರೂ ಇಡಿ. ಕುರ್ಚಿಯ ಕೈ ಹೆಗಲನ್ನು ಮೇಲಕ್ಕೆ ನೂಕುತ್ತಿದ್ದರೆ ಇಳಿಸಿ. ಅರ್ಧ ಗಂಟೆಗೊಮ್ಮೆ ಏಳಿ. ಒಂದೇ ಹೆಗಲಿಗೆ ಭಾರದ ಬ್ಯಾಗ್ ಬೇಡ.

ಇಷ್ಟೆಲ್ಲ ಯಾರ ಖರ್ಚಲ್ಲಿ ಅನ್ನೋದು ನಿಜವಾದ ಪ್ರಶ್ನೆ. ನೋವು ಅಂದರೆ ಎಚ್‌ಆರ್ ಯೋಗದ ವೆಬಿನಾರ್ ಲಿಂಕ್ ಕಳಿಸುತ್ತೆ: ತಪ್ಪು ನಿಮ್ಮ ಕೂರುವ ಭಂಗಿಯದ್ದು ಅಂತ. ಬ್ರಿಟನ್‌ನಲ್ಲಿ 1992ರ ನಿಯಮದ ಪ್ರಕಾರ ಪರದೆ ಮುಂದೆ ದುಡಿಯುವವರ ಮೇಜು-ಕುರ್ಚಿ ಪರಿಶೀಲಿಸುವುದು ಮಾಲೀಕರ ಕರ್ತವ್ಯ, ಮನೆಯಿಂದ ಕೆಲಸ ಮಾಡಿದರೂ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಔದ್ಯೋಗಿಕ ರೋಗಗಳಿದ್ದವು. ಸೀಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಬರುವ ಕಿವುಡು ಎಲ್ಲ ಇದ್ದವು, ಸ್ನಾಯು-ನರದ ನೋವು ಇರಲಿಲ್ಲ. ಐಟಿ ಕಚೇರಿಗಳು ಆ ಕಾಯ್ದೆಯಡಿ ಬರುತ್ತಲೂ ಇರಲಿಲ್ಲ.

2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ಏರಿಸುವ ಪ್ರಸ್ತಾವ ಬಂದಾಗ ನಾವೆಲ್ಲ ನಿದ್ದೆ, ಸಂಸಾರದ ಬಗ್ಗೆ ಮಾತಾಡಿದೆವು. ಆ ಹೆಚ್ಚಿನ ಗಂಟೆಗಳನ್ನು ಯಾವ ಕುರ್ಚಿಯಲ್ಲಿ ಕೂತು ಕಳೀಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸದ್ಯಕ್ಕೆ ಕೀಬೋರ್ಡ್ ಮತ್ತು ಸ್ಟ್ಯಾಂಡ್ ಬೇಕು ಅಂತ ಕಂಪನಿಗೆ ಇಮೇಲ್‌ನಲ್ಲೇ ಕೇಳಿ, ಯಾವಾಗಿನಿಂದ ನೋವಿದೆ ಅಂತಲೂ ಬರೆಯಿರಿ. ಬಾಯಿಮಾತಿಗೆ ದಾಖಲೆ ಇರಲ್ಲ.