ಶಾಲೆಯ ಗ್ರಂಥಭಂಡಾರದಲ್ಲಿ ಪುಸ್ತಕ ಹುಡುಕುವ ವಿದ್ಯೆ

ಪುಸ್ತಕಗಳನ್ನು ಕೂಡಿಟ್ಟ ಕೋಣೆಯೆಲ್ಲವೂ ಗ್ರಂಥಭಂಡಾರವಾಗುವುದಿಲ್ಲ. ಬೇಕಾದ ಪುಸ್ತಕವು ಬೇಕಾದವನ ಕೈಗೆ ಬೇಕಾದ ಹೊತ್ತಿನಲ್ಲಿ ಬರುವಂತಹ ಏರ್ಪಾಡು ಇದ್ದಲ್ಲಿ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಈ ಏರ್ಪಾಡಿಗೆ ಎರಡು ಮುಖಗಳುಂಟು. ಪುಸ್ತಕಗಳನ್ನು ಕ್ರಮದಿಂದ ಇಡುವುದು ಒಂದು. ಆ ಕ್ರಮವನ್ನು ಓದುಗನಿಗೆ ಕಲಿಸುವುದು ಇನ್ನೊಂದು. ಮೊದಲನೆಯದರ ವಿಷಯವಾಗಿ ನಮ್ಮ ಶಾಲೆಗಳು ಅಷ್ಟಿಷ್ಟು ಯೋಚಿಸಿವೆ. ಎರಡನೆಯದರ ವಿಷಯವಾಗಿ ಯೋಚಿಸಿದ್ದು ತೀರ ಕಡಿಮೆ.

ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952-53ರಲ್ಲಿ ಕೆಲಸ ಮಾಡಿದ ಮಾಧ್ಯಮಿಕ ಶಿಕ್ಷಣ ಆಯೋಗವು ಶಾಲೆಯ ಗ್ರಂಥಭಂಡಾರಗಳ ಸ್ಥಿತಿಯನ್ನು ಸ್ಪಷ್ಟವಾಗಿ ಬಣ್ಣಿಸಿತ್ತು. ಹಳೆಯ ಪುಸ್ತಕಗಳು, ಮಕ್ಕಳ ವಯಸ್ಸಿಗೂ ಅಭಿರುಚಿಗೂ ಒಗ್ಗದ ಆಯ್ಕೆ, ಇಕ್ಕಟ್ಟಾದ ಕೋಣೆ, ಆಸಕ್ತಿಯಿಲ್ಲದ ಮೇಲ್ವಿಚಾರಕ — ಇವು ಆಯೋಗವು ಕಂಡ ದೋಷಗಳು. ಅಂದಿನಿಂದ ಇಂದಿನವರೆಗೆ ಕೋಣೆಗಳು ದೊಡ್ಡವಾಗಿವೆ, ಎಷ್ಟೋ ಕಪಾಟುಗಳ ಬೀಗವೂ ತೆರೆದಿದೆ. ಆದರೆ ಬೀಗ ತೆಗೆದ ಮಾತ್ರಕ್ಕೆ ಪುಸ್ತಕ ಸಿಕ್ಕಿತೆಂದಲ್ಲ. ಹುಡುಕುವ ವಿದ್ಯೆ ತಿಳಿಯದ ಬಾಲಕನಿಗೆ ತೆರೆದ ಕಪಾಟೂ ಮುಚ್ಚಿದ ಕಪಾಟೇ.

ಠಾಣೆ, ಡೊಂಬಿವಲಿ, ಕಲ್ಯಾಣ, ನವೀ ಮುಂಬಯಿಗಳ ಕನ್ನಡ ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿಯ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಎಂಬ ಮೂರು ಕವಲಿನ ಭಾಷಾಜೀವನವನ್ನು ನಡೆಸುತ್ತಾರೆ. ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂತೆ ಕನ್ನಡಿಗರೇ ಕಟ್ಟಿದ ವಿದ್ಯಾಸಂಸ್ಥೆಗಳು ಈ ಭಾಗದಲ್ಲಿವೆ. ಸಂಘಗಳಲ್ಲಿ ಹಿರಿಯರು ಕೂಡಿಸಿಟ್ಟ ಪುಸ್ತಕಗಳೂ ಇವೆ. ಕಲ್ಯಾಣದ ಸಾರ್ವಜನಿಕ ವಾಚನಾಲಯವು 1864ರಲ್ಲಿಯೂ, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯವು 1893ರಲ್ಲಿಯೂ ಹುಟ್ಟಿದವು. ಅಂದರೆ ಗ್ರಂಥಪ್ರೀತಿ ಈ ನೆಲಕ್ಕೆ ಹೊಸದಲ್ಲ. ಶಾಲೆಯ ಚಿಕ್ಕ ಕೋಣೆಯಲ್ಲಿ ಹುಡುಕುವುದನ್ನು ಕಲಿತವನು ಈ ದೊಡ್ಡ ಭಂಡಾರಗಳಲ್ಲಿಯೂ ದಾರಿ ತಪ್ಪನು. ಸ್ಥಳದಿಂದ ಸ್ಥಳಕ್ಕೆ ಅಂಕೆಗಳ ಪದ್ಧತಿ ಬೇರೆಯಾದೀತು, ಹುಡುಕುವ ಬುದ್ಧಿ ಒಂದೇ.

ಈ ಬುದ್ಧಿಯ ಮೊದಲ ಪಾಠ ಇಲ್ಲಿಯ ಮಕ್ಕಳಿಗೆ ಆಗಲೇ ಆಗಿದೆ ಎಂಬುದನ್ನು ಉಪಾಧ್ಯಾಯರು ಗಮನಿಸಬೇಕು. ಲೋಕಲ್ ಗಾಡಿಯ ನಿಲ್ದಾಣದಲ್ಲಿ ತೂಗುವ ಸೂಚನಾ ಫಲಕದ ಮೇಲೆ ಠಾಣೆಗೆ 'ಟಿ', ಕಲ್ಯಾಣಕ್ಕೆ 'ಕೆ', ಡೊಂಬಿವಲಿಗೆ 'ಡಿಎಲ್' ಎಂಬ ಸಂಕೇತಗಳಿರುತ್ತವೆ. ನಿಧಾನದ ಗಾಡಿಗೆ 'ಎಸ್', ವೇಗದ ಗಾಡಿಗೆ 'ಎಫ್'. ಹತ್ತು ವರ್ಷದ ಹುಡುಗನೂ ಇದನ್ನು ಒಂದು ನೋಟದಲ್ಲಿ ಓದಿ, ಯಾರನ್ನೂ ಕೇಳದೆ ತನ್ನ ಗಾಡಿ ಹಿಡಿಯುತ್ತಾನೆ. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯೂ ಇಂತಹ ಫಲಕವೇ. ಅದರ ಮೇಲಿನ ಅಂಕೆ ವಿಷಯವನ್ನೂ, ಕೆಳಗಿನ ಅಕ್ಷರ ಲೇಖಕನನ್ನೂ ಹೇಳುತ್ತದೆ. ಈ ಹೋಲಿಕೆಯಿಂದ ಆರಂಭಿಸಿದರೆ ವರ್ಗೀಕರಣವೆಂಬ ದೊಡ್ಡ ಹೆಸರಿಗೆ ಮಕ್ಕಳು ಹೆದರುವುದಿಲ್ಲ.

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯು ಜ್ಞಾನವನ್ನೆಲ್ಲ ಹತ್ತು ವರ್ಗಗಳಾಗಿ ವಿಂಗಡಿಸುತ್ತದೆ. 000 ವಿಶ್ವಕೋಶ ಮೊದಲಾದ ಸಾಮಾನ್ಯ ಗ್ರಂಥಗಳು, 100 ತತ್ತ್ವಶಾಸ್ತ್ರ, 200 ಧರ್ಮ, 300 ಸಮಾಜಶಾಸ್ತ್ರಗಳು, 400 ಭಾಷೆ, 500 ವಿಜ್ಞಾನ, 600 ತಂತ್ರವಿದ್ಯೆ, 700 ಕಲೆ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಕನ್ನಡ ಭಾಷೆಗೆ 494.814, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಅಂಕೆಗಳು ಬರುತ್ತವೆ. ಮರಾಠಿ ಸಾಹಿತ್ಯಕ್ಕೆ 891.46. ಕನ್ನಡದ ಅಂಕೆಗೆ 1 ಸೇರಿಸಿದರೆ ಕಾವ್ಯ, 2 ಸೇರಿಸಿದರೆ ನಾಟಕ, 3 ಸೇರಿಸಿದರೆ ಕಥೆ ಕಾದಂಬರಿ, 4 ಸೇರಿಸಿದರೆ ಪ್ರಬಂಧ. ಹೀಗೆ 894.8143 ಎಂದರೆ ಕನ್ನಡ ಕಾದಂಬರಿ. ಇಷ್ಟು ತಿಳಿದ ಮಗುವಿಗೆ ಅಂಕೆಯು ಅರ್ಥವಿಲ್ಲದ ಗುರುತಾಗಿ ಉಳಿಯದೆ ವಾಕ್ಯದಂತೆ ಓದಿಸಿಕೊಳ್ಳುತ್ತದೆ.

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವ ಒಂದು ಸ್ಥಾನವುಂಟು. 894.814 ಮುಂದೆಯೋ, 894.82 ಮುಂದೆಯೋ ಎಂದು ಕೇಳಿದರೆ, ಎಂಟುನೂರ ಹದಿನಾಲ್ಕು ಎಂಬತ್ತೆರಡಕ್ಕಿಂತ ದೊಡ್ಡದೆಂದು ಎಣಿಸಿ ತಪ್ಪು ಉತ್ತರ ಹೇಳುವರು. ಬಿಂದುವಿನ ಮುಂದಿನ ಅಂಕೆಗಳನ್ನು ಒಟ್ಟಾಗಿ ಓದದೆ ಒಂದೊಂದಾಗಿ ಹೋಲಿಸಬೇಕು. ಎಂಟು ಎರಡರಲ್ಲಿಯೂ ಸಮ, ಅನಂತರದ ಒಂದು, ಎರಡಕ್ಕಿಂತ ಕಿರಿದು, ಆದುದರಿಂದ 894.814 ಮೊದಲು ನಿಲ್ಲುತ್ತದೆ. ಗಣಿತದ ತರಗತಿಯಲ್ಲಿ ಕಲಿತ ದಶಮಾಂಶವು ಕಪಾಟಿನ ಮುಂದೆ ಪ್ರಯೋಜನಕ್ಕೆ ಬರುವ ಸಂದರ್ಭವಿದು.

ವಿಷಯಾನುಕ್ರಮದಲ್ಲಿ ಪುಸ್ತಕಗಳನ್ನು ಜೋಡಿಸಿದ ಮೇಲೆ ಸೂಚೀಪತ್ರವೇಕೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಶಿವರಾಮ ಕಾರಂತರ ಗ್ರಂಥರಾಶಿಗಿಂತ ಉತ್ತಮವಾದ ಉತ್ತರ ಕನ್ನಡದಲ್ಲಿ ಸಿಕ್ಕದು. ಅವರ 'ಚೋಮನ ದುಡಿ' (1933) ಕಾದಂಬರಿಗಳ ಸಾಲಿನಲ್ಲಿ ನಿಲ್ಲುತ್ತದೆ. ಮಕ್ಕಳಿಗಾಗಿ ಬರೆದ 'ಬಾಲಪ್ರಪಂಚ' ವಿಶ್ವಕೋಶಗಳ ಸಾಲಿಗೆ ಸೇರುತ್ತದೆ. 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಯಕ್ಷಗಾನ ಬಯಲಾಟ' ಕಲೆಯ ಕಪಾಟಿಗೆ ಹೋಗುತ್ತದೆ. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಆತ್ಮಕಥೆಗಳ ಜೊತೆಗೆ. ಒಬ್ಬನೇ ಲೇಖಕ, ನಾಲ್ಕು ಕಪಾಟುಗಳು! ಪುಸ್ತಕವೊಂದು ಒಂದೇ ಸ್ಥಳದಲ್ಲಿ ನಿಲ್ಲಬಲ್ಲದು. ಆದರೆ ಅದನ್ನು ಅರಸಿ ಬರುವವರು ಮೂರು ದಾರಿಗಳಿಂದ ಬರುತ್ತಾರೆ. ಲೇಖಕನ ಹೆಸರನ್ನು ಬಲ್ಲವನೊಬ್ಬ, ಪುಸ್ತಕದ ಹೆಸರನ್ನು ಬಲ್ಲವನೊಬ್ಬ, ವಿಷಯವನ್ನು ಮಾತ್ರ ಬಲ್ಲವನೊಬ್ಬ. ಆದಕಾರಣ ಒಂದು ಪುಸ್ತಕಕ್ಕೆ ಮೂರು ಸೂಚೀಚೀಟಿಗಳು. ಮೂರು ಚೀಟಿಗಳೂ ಕೊನೆಗೆ ಒಂದೇ ಅಂಕೆಯನ್ನು ತೋರಿಸುತ್ತವೆ.

ಇದಕ್ಕೆ ವಿಲೋಮವಾದ ಉದಾಹರಣೆಯೂ ಉಂಟು. ಮಹಾಭಾರತದ ಗ್ರಂಥಗಳಿಗೆ ಡ್ಯೂಯಿ ಪದ್ಧತಿಯಲ್ಲಿ 294.5923 ಎಂಬ ಅಂಕೆ. ಕುಮಾರವ್ಯಾಸನ ಭಾರತವನ್ನು ಕಾವ್ಯವೆಂದು ಎಣಿಸಿದರೆ 894.8141. ಒಂದೇ ಕಥೆ ಎರಡು ಎಡೆಗಳಲ್ಲಿ. ಅಭಿಮನ್ಯುವಿನ ಕಥೆಯನ್ನು ಬೇಡಿದ ಮಗುವು ಒಂದು ಕಪಾಟನ್ನು ನೋಡಿ ನಿರಾಶೆಯಿಂದ ಮರಳಬಾರದು. 'ಇನ್ನೆಲ್ಲಿ ಇರಬಹುದು?' ಎಂಬ ಎರಡನೆಯ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳಬೇಕು. ಹುಡುಕುವ ವಿದ್ಯೆಯ ಸಾರವೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿದೆ.

ಕನ್ನಡ ಪುಸ್ತಕಗಳ ಸೂಚಿಯಲ್ಲಿ ನಿಜವಾದ ತೊಡಕು ಹೆಸರುಗಳದು. ಮರಾಠಿ ನೆರೆಯಲ್ಲಿ ಬೆಳೆದ ಮಗುವಿಗೆ ಆಡನಾವವೇ ಮೊದಲು. ಶಾಲೆಯ ಹಾಜರಿಪಟ್ಟಿಯಲ್ಲಿ ಅದು ಕಂಡದ್ದೂ ಹಾಗೆಯೇ. ಉತ್ತರ ಕರ್ನಾಟಕದ ಬೇಂದ್ರೆ, ಗೋಕಾಕ. ಕರಾವಳಿಯ ಕಾರಂತ, ಬಲ್ಲಾಳ, ಚಿತ್ತಾಲ — ಇವರೆಲ್ಲರೂ ಈ ಕ್ರಮಕ್ಕೆ ಸುಲಭವಾಗಿ ಒಗ್ಗುತ್ತಾರೆ. ಹಳೆಯ ಮೈಸೂರಿನ ಹೆಸರುಗಳು ಹಾಗಲ್ಲ. ಅಲ್ಲಿ ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಎಂಬ ಸರಣಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಪುಟ್ಟಪ್ಪ ಆಡನಾವವಲ್ಲ, ಸ್ವಂತ ಹೆಸರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ — ಇವೂ ಅಂತೆಯೇ. ಮಾಸ್ತಿ ವೆಂಕಟೇಶ ಅಯ್ಯಂಗಾರ್, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಎಂಬಲ್ಲಿ ಕೊನೆಯ ಪದವನ್ನು ಹಿಡಿದರೆ ಇಬ್ಬರೂ 'ಅ'ಕಾರದಲ್ಲಿ ಅಡಗಿಹೋಗುತ್ತಾರೆ; ಕನ್ನಡಿಗನು ಅವರನ್ನು ಹುಡುಕುವುದು 'ಮಾ', 'ಗೊ'ಗಳಲ್ಲಿ. ಮಂಜೇಶ್ವರದ ಗೋವಿಂದ ಪೈಗಳಲ್ಲಿ ಊರು ಮೊದಲು, ಅಡ್ಡಹೆಸರು ಕೊನೆಗೆ.

ಇದರ ಮೇಲೆ ಕಾವ್ಯನಾಮಗಳು. ಪುಟ್ಟಪ್ಪನವರು ಕುವೆಂಪು, ಬೇಂದ್ರೆಯವರು ಅಂಬಿಕಾತನಯದತ್ತ, ಮಾಸ್ತಿಯವರು ಶ್ರೀನಿವಾಸ, ಗೋಕಾಕರು ವಿನಾಯಕ, ಅನಸೂಯಾ ಶಂಕರ ಅವರು ತ್ರಿವೇಣಿ. ಈ ತೊಡಕಿಗೆ ಪರಿಹಾರವೆಂದರೆ, ಜನ ಬಲ್ಲ ಹೆಸರಿನಲ್ಲಿ ಮುಖ್ಯ ಚೀಟಿ, ಉಳಿದ ಹೆಸರುಗಳಲ್ಲಿ 'ನೋಡಿ' ಎಂಬ ಮಾರ್ಗದರ್ಶಿ ಚೀಟಿ. 'ಪುಟ್ಟಪ್ಪ, ಕೆ. ವಿ. — ಕುವೆಂಪು ನೋಡಿ' ಎಂದಿದ್ದರೆ ಯಾವ ಬಾಗಿಲಿನಿಂದ ಬಂದವನಿಗೂ ಒಳಗೆ ಹಾದಿ ಸಿಗುತ್ತದೆ. ಈ 'ನೋಡಿ' ಚೀಟಿಗಳನ್ನು ಮಕ್ಕಳಿಂದಲೇ ಬರೆಸುವುದು ಉತ್ತಮ. ಗ್ರಂಥಭಂಡಾರದ ಪಾಠದೊಡನೆ ಸಾಹಿತ್ಯಚರಿತ್ರೆಯ ಪಾಠವೂ, ಕನ್ನಡ ನಾಡಿನ ಭಾಗಭಾಗಗಳ ನಾಮಪದ್ಧತಿಯ ಪಾಠವೂ ಒಟ್ಟಿಗೆ ಆಗುತ್ತದೆ. ತನ್ನ ಹೆಸರು ಈ ಪದ್ಧತಿಗಳಲ್ಲಿ ಯಾವುದಕ್ಕೆ ಸೇರಿದೆಯೆಂದು ಮಗು ಮನೆಯಲ್ಲಿ ವಿಚಾರಿಸುವುದೂ ಉಂಟಾಗಬಹುದು.

ಇನ್ನು ಅಕಾರಾದಿ. ದೇವನಾಗರಿಯನ್ನು ಬಲ್ಲ ಮಗುವಿಗೆ ಕನ್ನಡದ ವರ್ಣಕ್ರಮ ಬಹುಪಾಲು ಪರಿಚಿತವೇ. ಆದರೆ ಎ, ಏ. ಒ, ಓ ಎಂಬ ಹ್ರಸ್ವ ದೀರ್ಘಗಳ ಭೇದ ಮರಾಠಿಯ ಬರಹದಲ್ಲಿಲ್ಲ. 'ಕೆ' ಮೊದಲು, 'ಕೇ' ಅನಂತರ ಎಂಬುದನ್ನು ಬಿಡಿಸಿ ಹೇಳಬೇಕು. ಗುಣಿತಾಕ್ಷರಗಳೆಲ್ಲ ಮುಗಿದ ಮೇಲೆ ಒತ್ತಕ್ಷರ. ಅಂದರೆ 'ಕಾರಂತ', 'ಕುವೆಂಪು', 'ಕೈಲಾಸಂ' ಎಂಬವರ ಅನಂತರ 'ಕೃ'ಕಾರವೂ 'ಕ್ರ'ಕಾರವೂ ಎಲ್ಲಿ ಬರುವುವೆಂಬುದಕ್ಕೆ ಭಂಡಾರವು ಒಂದು ನಿಯಮವನ್ನು ನಿಶ್ಚಯಿಸಿ ಸೂಚಿಯ ಪೆಟ್ಟಿಗೆಯ ಮೇಲೆ ಬರೆದಿಡಬೇಕು. ಅನುಸ್ವಾರದ ಸ್ಥಾನವನ್ನೂ ಹಾಗೆಯೇ ಗೊತ್ತುಪಡಿಸಬೇಕು. ಇಂಗ್ಲಿಷ್ ವರ್ಣಮಾಲೆಯೊಂದನ್ನೇ ಬಲ್ಲ ಮಗುವಿಗೆ ಮೊದಲ ಪಾಠವಾಗಿ ಕ ಖ ಗ ಘಗಳನ್ನು ಬಾಯಿಪಾಠ ಮಾಡಿಸದೆ ಬೇರೆ ಉಪಾಯವಿಲ್ಲ. ನಿಘಂಟನ್ನು ತೆರೆಯುವುದಕ್ಕೂ ಇದೇ ಬೀಗದಕೈ.

ಕಲಿಸುವ ವಿಧಾನವು ಉಪನ್ಯಾಸವಾಗಬಾರದು. ಮೂರು ನಾಲ್ಕನೆಯ ತರಗತಿಗಳಲ್ಲಿ ಕಪಾಟುಗಳ ಪರಿಚಯ ಸಾಕು: ಕಥೆಗಳೆಲ್ಲಿ, ಪ್ರಾಣಿಪಕ್ಷಿಗಳ ಪುಸ್ತಕಗಳೆಲ್ಲಿ, ತೆಗೆದ ಪುಸ್ತಕವನ್ನು ಎಲ್ಲಿಡಬೇಕು. ತಪ್ಪು ಸ್ಥಳದಲ್ಲಿ ಇಟ್ಟ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮಾನ. ಆದಕಾರಣ ಓದಿದ್ದನ್ನು ಮೇಜಿನ ಮೇಲೆ ಬಿಡುವುದೇ ಶಿಸ್ತು ಎಂಬುದನ್ನು ಆ ವಯಸ್ಸಿನಲ್ಲಿಯೇ ಹೇಳಬೇಕು. ಐದರಿಂದ ಏಳರವರೆಗೆ ಅಂಕೆ ಮತ್ತು ಸೂಚೀಪತ್ರ. ಎಂಟನೆಯ ತರಗತಿಯ ಮೇಲೆ ಪುಸ್ತಕದ ಒಳಗೆ ಹುಡುಕುವ ಕ್ರಮ: ಮುಖಪುಟದ ಹಿಂದಿನ ವಿವರ, ಪರಿವಿಡಿ, ಕೊನೆಯ ಶಬ್ದಸೂಚಿ. ನಿರಂಜನರ ಸಂಪಾದಕತ್ವದ 'ಜ್ಞಾನಗಂಗೋತ್ರಿ'ಯಂತಹ ಏಳು ಸಂಪುಟಗಳ ಕೋಶವನ್ನು ಮುಂದಿಟ್ಟು, 'ಈ ಪ್ರಶ್ನೆಗೆ ಯಾವ ಸಂಪುಟ?' ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ಮಕ್ಕಳಿಗೆ ಪುಸ್ತಕದ ಹೆಸರನ್ನು ಕೊಟ್ಟು ತರಹೇಳುವುದಕ್ಕಿಂತ ಪ್ರಶ್ನೆಯನ್ನು ಕೊಟ್ಟು ಕಳಿಸುವುದು ಮೇಲು. 'ಬೋರಿಬಂದರದಿಂದ ಠಾಣೆಗೆ ಮೊದಲ ಗಾಡಿ ಓಡಿದ್ದು ಎಂದು?' ಎಂಬ ಚೀಟಿಯನ್ನು ಪಡೆದವನು ಇತಿಹಾಸಕ್ಕೆ ಹೋಗಬೇಕೋ, ಸಾರಿಗೆಗೆ ಹೋಗಬೇಕೋ, ವಿಶ್ವಕೋಶಕ್ಕೆ ಹೋಗಬೇಕೋ ಎಂದು ತಾನೇ ಯೋಚಿಸುತ್ತಾನೆ. 1853ರ ಏಪ್ರಿಲ್ 16 ಎಂಬ ಉತ್ತರಕ್ಕಿಂತ ಆ ಯೋಚನೆ ಹೆಚ್ಚು ಬೆಲೆಯುಳ್ಳದ್ದು. ಇನ್ನೊಂದು ಅಭ್ಯಾಸ: ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಒಂದು ಕನ್ನಡ ಪುಸ್ತಕಕ್ಕೆ ಮೂರು ಚೀಟಿಗಳನ್ನು ಬರೆದು ತರುವುದು. ಲೇಖಕ ಯಾರು, ವಿಷಯವೇನು ಎಂದು ನಿರ್ಣಯಿಸುವುದಕ್ಕಾದರೂ ಅವನು ಆ ಪುಸ್ತಕವನ್ನು ತೆರೆಯಬೇಕು. ಅಕ್ಷರ ತೊಡಕಾದರೆ ಅಜ್ಜ ಅಜ್ಜಿಯರನ್ನು ಕೇಳಬೇಕು.

ಗಣಕಯಂತ್ರ ಬಂದ ಮೇಲೆ ಇದೆಲ್ಲ ಏಕೆಂದು ಕೇಳುವವರಿದ್ದಾರೆ. 2000ದಲ್ಲಿ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂದ 'ಕೋಹಾ'ದಂತಹ ಉಚಿತ ವ್ಯವಸ್ಥೆಯಿಂದ ಚಿಕ್ಕ ಶಾಲೆಯೂ ತನ್ನ ಸೂಚಿಯನ್ನು ಯಂತ್ರದಲ್ಲಿ ಇಡಬಹುದು. ಆದರೆ ಯಂತ್ರವು ಬರೆದದ್ದನ್ನು ಮಾತ್ರ ಹುಡುಕುತ್ತದೆ. ಕಾರಂತರ ಹೆಸರನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಾಗಿ ಬರೆಯುವುದುಂಟು. ಒಂದು ಬಗೆಯಲ್ಲಿ ದಾಖಲಾದದ್ದು ಇನ್ನೊಂದು ಬಗೆಯಲ್ಲಿ ಕೇಳಿದವನಿಗೆ ಸಿಕ್ಕದೆ ಹೋಗಬಹುದು. ಕನ್ನಡ ಲಿಪಿಯಲ್ಲಿಯೇ ದಾಖಲಿಸುವುದು, 'ನೋಡಿ' ಚೀಟಿಗಳಿಗೆ ಸಮನಾದ ಪರ್ಯಾಯ ಹೆಸರುಗಳನ್ನು ಸೇರಿಸುವುದು ಇಲ್ಲಿಯೂ ಅವಶ್ಯ. ಸಾಧನ ಬದಲಾಗಿದೆ, ವಿದ್ಯೆ ಬದಲಾಗಿಲ್ಲ.

ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಶಿ. ರಾ. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಲೋಕದ ಮುಂದಿಟ್ಟರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ಕಾಲವಾದರು. ಪುಸ್ತಕಗಳು ಉಪಯೋಗಕ್ಕಾಗಿ ಇವೆ ಎಂಬುದು ಮೊದಲ ಸೂತ್ರ. ಪ್ರತಿಯೊಬ್ಬ ಓದುಗನಿಗೆ ಅವನ ಪುಸ್ತಕ ಎಂಬುದು ಎರಡನೆಯದು. ಪ್ರತಿಯೊಂದು ಪುಸ್ತಕಕ್ಕೆ ಅದರ ಓದುಗ ಎಂಬುದು ಮೂರನೆಯದು. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. ಗ್ರಂಥಭಂಡಾರವು ಬೆಳೆಯುವ ಜೀವಿ ಎಂಬುದು ಐದನೆಯದು.

ಹೊರನಾಡಿನ ಕನ್ನಡಿಗರು ಮೂರನೆಯ ಸೂತ್ರವನ್ನು ವಿಶೇಷವಾಗಿ ಮನನ ಮಾಡಬೇಕು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕನ್ನಡ ಪುಸ್ತಕವೊಂದು ಕೆಲಕಾಲ ಓದುಗನಿಲ್ಲದೆ ಕುಳಿತರೂ ಇನ್ನೊಂದು ತಲೆಮಾರು ಅದನ್ನು ಎತ್ತಿಕೊಂಡೀತು. ಡೊಂಬಿವಲಿಯ ಕಪಾಟಿನಲ್ಲಿ ಹಾಗೆ ಕುಳಿತ ಪುಸ್ತಕಕ್ಕೆ ಆ ಭರವಸೆಯಿಲ್ಲ. ಯಾರೂ ತೆಗೆಯದ ಪುಸ್ತಕಗಳಿಗೆ ಸ್ಥಳವೇಕೆಂಬ ಮಾತು ಒಂದು ದಿನ ಬರುತ್ತದೆ. ನಗರದಲ್ಲಿ ಸ್ಥಳಕ್ಕಿರುವ ಬೆಲೆಯನ್ನು ಯಾರಿಗೂ ಹೇಳಬೇಕಾಗಿಲ್ಲ. ಆಗ ರದ್ದಿಯವನ ತಕ್ಕಡಿಗೆ ಹೋಗುವುದು ಹಿರಿಯರು ಊರಿನಿಂದ ಟ್ರಂಕಿನಲ್ಲಿ ಹೊತ್ತು ತಂದ ಸಂಪತ್ತು. ಹೊಸ ಪುಸ್ತಕಗಳ ದಾನಕ್ಕೆ ಸಂಘಗಳು ತೋರುವ ಉತ್ಸಾಹದ ಒಂದು ಪಾಲನ್ನು, ಇರುವ ಪುಸ್ತಕಗಳನ್ನು ಹುಡುಕಲು ಕಲಿಸುವುದಕ್ಕೆ ತಿರುಗಿಸಿದರೆ ಸಾಕು. ವಾರಕ್ಕೊಂದು ಗಂಟೆ, ಒಬ್ಬ ಆಸಕ್ತ ಉಪಾಧ್ಯಾಯ, ಒಂದು ಸೂಚಿಯ ಪೆಟ್ಟಿಗೆ — ಇದಕ್ಕೆ ಬೇಕಾದ ಸಾಮಗ್ರಿ ಇಷ್ಟೇ.